ಕುರ್ಚಿ ಹೆಣೆಯುವವನ ಕೈ

"ಗುರುಗಳೇ, ತಪ್ಪು ಮಾಡಿದವನು ಕ್ಷಮೆ ಕೇಳಿ, ನೊಂದವನೇ ಮನಸಾರೆ ಕ್ಷಮಿಸಿದ ಮೇಲೂ ಆ ತಪ್ಪು ಉಳಿಯುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದೂರಿನ ಪೇಟೆಬೀದಿಯಲ್ಲಿ ಓಬಳೇಶ ಎಂಬ ರಿಪೇರಿಯವನಿದ್ದ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಏನು ಕೆಟ್ಟರೂ ಜನ ಅವನ ಅಂಗಡಿಗೇ ತರುತ್ತಿದ್ದರು. ಕೆಲಸದಲ್ಲಿ ಚುರುಕು. ಮನಸ್ಸಿನಲ್ಲಿ ಕೆಡುಕಿಲ್ಲ. ಬೀದಿಯವರನ್ನು ನಗಿಸುವುದೊಂದೇ ಅವನಿಗಿದ್ದ ಚಟ. ಹಾಳಾದ ಸೊಳ್ಳೆ ಬ್ಯಾಟಿನ ಒಳಗಿನದ್ದನ್ನು ಬಿಚ್ಚಿ ತೆಗೆದು ಒಂದು ಸ್ಟೀಲ್ ಡಬ್ಬಿಯೊಳಗೆ ಕೂಡಿಸಿದ್ದ. "ಮುಚ್ಚಳ ಬಿಗಿಯಾಗಿದೆ, ಸ್ವಲ್ಪ ತೆಗೆದುಕೊಡಿ" ಎಂದು ಬಂದವರ ಕೈಗೆ ಕೊಡುವನು. ಅವರು ಮುಟ್ಟುವುದೇ ತಡ, ಶಾಕ್ ಹೊಡೆದು ಡಬ್ಬಿ ಎಸೆದು ಕುಣಿಯುವರು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಗುವರು. ನಿನ್ನೆ ಶಾಕ್ ತಿಂದವನು ಇವತ್ತು ತನ್ನ ಭಾವಮೈದುನನನ್ನು ಕರೆತರುವನು. ಒಬ್ಬರಿಗೂ ಏನೂ ಆಗಿರಲಿಲ್ಲ. ಹಾಗಾಗಿ ಇದರಿಂದ ಏನೂ ಆಗುವುದಿಲ್ಲ ಎಂದು ಓಬಳೇಶ ನಂಬಿದ್ದ.

ಅವನ ಅಂಗಡಿಯ ಎದುರಿನ ಜಗಲಿಯಲ್ಲಿ ತಿಪ್ಪಯ್ಯ ಬೆತ್ತದ ಕುರ್ಚಿ ಹೆಣೆಯುತ್ತಿದ್ದ. ಚಿಕ್ಕಂದಿನಲ್ಲೇ ಎರಡೂ ಕಣ್ಣು ಹೋಗಿದ್ದವು. ಆದರೆ ಅವನ ಕೈಯಲ್ಲಿ ಕೋಲು ಇರಲಿಲ್ಲ. ಗೋಡೆಯ ಮೇಲೆ ಬೆರಳು ಆಡಿಸುತ್ತ ಇಡೀ ಬೀದಿ ನಡೆದು ಬರುತ್ತಿದ್ದ. ಯಾರ ಬಾಗಿಲಿಗೆ ಹೊಸ ಬಣ್ಣ ಬಂತು, ಯಾರ ಮನೆಯ ಮೆಟ್ಟಿಲು ಸವೆಯಿತು, ಎಲ್ಲ ಅವನಿಗೆ ಗೊತ್ತಿತ್ತು. ಮುಂಗೈ ಹಿಡಿದರೆ ಸಾಕು, ಯಾರೆಂದು ಹೇಳುತ್ತಿದ್ದ. ಅವನು ಹೆಣೆದ ಕುರ್ಚಿಯಲ್ಲಿ ಒಂದು ಎಳೆಯೂ ತಪ್ಪುತ್ತಿರಲಿಲ್ಲ.

ಓಬಳೇಶನಿಗೆ ತಿಪ್ಪಯ್ಯನೆಂದರೆ ಜೀವ. ದಿನವೂ ಹನ್ನೊಂದು ಗಂಟೆಗೆ ಚಹಾ ತರಿಸಿ ಲೋಟವನ್ನು ಅವನ ಕೈಗೆ ತಾನೇ ಇಡುತ್ತಿದ್ದ. ಆಮೇಲೆ ಇಬ್ಬರದೂ ಒಂದು ಆಟ. ಅಂಗಡಿಯ ಯಾವುದೋ ಸಾಮಾನನ್ನು ಓಬಳೇಶ ಅವನ ಅಂಗೈಗೆ ಕೊಡುವನು. ತಿಪ್ಪಯ್ಯ ತಡವಿ ನೋಡಿ, "ಇದು ಫ್ಯಾನಿನ ಬೇರಿಂಗು", "ಇದು ಮಿಕ್ಸಿಯ ಬ್ಲೇಡು, ಮೊಂಡಾಗಿದೆ" ಎನ್ನುವನು. ಒಮ್ಮೆಯೂ ಸೋತವನಲ್ಲ.

ಒಂದು ದಿನ ಅಂಗಡಿಯ ಮುಂದೆ ನಾಲ್ಕೈದು ಜನ ಸೇರಿದ್ದರು. "ಎಲ್ಲರಿಗೂ ಡಬ್ಬಿ ಕೊಟ್ಟಿದ್ದಾಯಿತು. ತಿಪ್ಪಯ್ಯನನ್ನೊಬ್ಬನನ್ನೇ ಬಿಟ್ಟಿದ್ದೀಯಲ್ಲ" ಎಂದು ಯಾರೋ ಕೆಣಕಿದರು. ಓಬಳೇಶ ಒಂದು ಕ್ಷಣ ಹಿಂದೆಮುಂದೆ ನೋಡಿದ. ಕಣ್ಣಿಲ್ಲದವನೆಂದು ಅವನನ್ನು ಬೇರೆ ಮಾಡಿ ಇಡುವುದೂ ಸರಿಯಲ್ಲ ಅನ್ನಿಸಿತು. ಎಲ್ಲರ ನಗುವಿನಲ್ಲಿ ಅವನೂ ಇರಲಿ ಎಂದುಕೊಂಡು ಡಬ್ಬಿಯನ್ನು ಕೊಟ್ಟ.

"ಅಣ್ಣಾ, ಇದೇನು ಹೇಳು ನೋಡೋಣ."

ಬೇರೆಯವರು ಡಬ್ಬಿಯನ್ನು ಎರಡು ಬೆರಳಲ್ಲಿ ಮುಟ್ಟುತ್ತಿದ್ದರು. ತಿಪ್ಪಯ್ಯ ತನ್ನ ಅಭ್ಯಾಸದಂತೆ ಎರಡೂ ಅಂಗೈ ತುಂಬ ತಬ್ಬಿ ಹಿಡಿದ. ಮರುಕ್ಷಣ ಹಿಂದಕ್ಕೆ ಹಾರಿ, ಮೆಟ್ಟಿಲು ತಪ್ಪಿ, ಬೀದಿಯ ಮಣ್ಣಿನಲ್ಲಿ ಅಂಗಾತ ಬಿದ್ದ. ಜನ ಗೊಳ್ಳೆಂದು ನಕ್ಕರು. ತಿಪ್ಪಯ್ಯ ಎದ್ದು ಕೂತ. ಏನಾಯಿತೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನೂ ನಕ್ಕ.

"ಸೋಲಿಸಿಬಿಟ್ಟೆಯಲ್ಲೋ" ಎಂದ. ಎದ್ದು ನಿಂತು ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡ. "ಓಬಳೇಶ, ನನ್ನ ಮನೆ ಯಾವ ಕಡೆಗೆ?" ಎಂದು ಕೇಳಿದ.

ಅದೂ ತಮಾಷೆಯೇ ಎಂದುಕೊಂಡು ಓಬಳೇಶ ಇನ್ನಷ್ಟು ನಕ್ಕ.

ಮರುದಿನ ಹನ್ನೊಂದು ಗಂಟೆಗೆ ತಿಪ್ಪಯ್ಯ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎದುರಿನ ಜಗಲಿಯೂ ಖಾಲಿ. ಮೂರನೆಯ ದಿನ ಓಬಳೇಶ ಚಹಾ ಹಿಡಿದು ಅವನ ಮನೆಗೇ ಹೋದ. ನಡುಮನೆಯಲ್ಲಿ ಅರ್ಧ ಹೆಣೆದ ಕುರ್ಚಿಯ ಮುಂದೆ ತಿಪ್ಪಯ್ಯ ಕೂತಿದ್ದ. ಕೈ ಮುಂದಕ್ಕೆ ಹೋಗುತ್ತಿತ್ತು, ಬೆತ್ತ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ನಡುಗಿ ಹಿಂದಕ್ಕೆ ಬರುತ್ತಿತ್ತು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಮೈಯೆಲ್ಲ ಬೆವರಿತ್ತು.

ಓಬಳೇಶ ಚಹಾ ಲೋಟ ಕೆಳಗಿಟ್ಟ. ಅಲ್ಲೇ ಕುಸಿದು ಕೂತು, "ತಪ್ಪಾಯಿತಣ್ಣ, ನನ್ನನ್ನು ಕ್ಷಮಿಸು" ಎಂದು ಅತ್ತ.

"ಅಯ್ಯೋ, ಏಳೋ. ನಿನ್ನ ಮೇಲೆ ನನಗೇನು ಕೋಪ? ನಾನು ಆವತ್ತೇ ಮರೆತೆ" ಎಂದ ತಿಪ್ಪಯ್ಯ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. "ಇದು ಕುರ್ಚಿ, ಇದರಲ್ಲಿ ಏನೂ ಇಲ್ಲ ಅಂತ ನನಗೆ ಗೊತ್ತು. ಈ ಕೈ ಮಾತ್ರ ಕೇಳುತ್ತಿಲ್ಲ."

ಓಬಳೇಶ ಅಂಗಡಿಗೆ ಬಂದವನೇ ಡಬ್ಬಿಯನ್ನು ಸುತ್ತಿಗೆಯಿಂದ ಜಜ್ಜಿ ಹಾಕಿದ. ತಿಪ್ಪಯ್ಯನನ್ನು ಆಸ್ಪತ್ರೆಗೆ ಕರೆದೊಯ್ದ. ವೈದ್ಯರು ನೋಡಿ, "ನರಕ್ಕೆ ಏನೂ ಆಗಿಲ್ಲ, ಚರ್ಮದ ಮೇಲೆ ಸುಟ್ಟ ಗುರುತೂ ಇಲ್ಲ. ಕೆಲವರಿಗೆ ಭಯ ಹೀಗೆ ಕೂತುಬಿಡುತ್ತದೆ" ಎಂದರು. ಓಬಳೇಶ ಮನೆಯ ಮೇನ್ ಸ್ವಿಚ್ ಆರಿಸಿ, "ಈಗ ಮುಟ್ಟಣ್ಣ, ಕರೆಂಟೇ ಇಲ್ಲ" ಎಂದ. ಹತ್ತಿ ತಂದ, ಹಸಿ ಮಣ್ಣು ತಂದ, ಒಂದು ಬೆಕ್ಕಿನ ಮರಿಯನ್ನೂ ತಂದ. ತನ್ನ ಕೈಯನ್ನೇ ಚಾಚಿ ತಾಸುಗಟ್ಟಲೆ ಕೂತ. ತಿಪ್ಪಯ್ಯನ ಬೆರಳು ಒಂದು ಗೇಣು ದೂರದವರೆಗೆ ಬರುವುದು, ಅಲ್ಲಿಂದ ಹಿಂದಕ್ಕೆ ಹೋಗುವುದು.

"ಬೇಜಾರು ಮಾಡಿಕೋಬೇಡ ಓಬಳೇಶ" ಎಂದು ತಿಪ್ಪಯ್ಯನೇ ಅವನನ್ನು ಸಮಾಧಾನ ಮಾಡುವನು.

ಕುರ್ಚಿ ಕೊಟ್ಟವರು ಒಬ್ಬೊಬ್ಬರಾಗಿ ಬಂದು ವಾಪಸು ಒಯ್ದರು. ಹೆಂಡತಿ ಪಾಲಮ್ಮ ಅವನಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಅವಳ ಕೈ ತಾಗಿದರೂ ಅವನು ಬೆಚ್ಚುತ್ತಿದ್ದ. ಒಂದು ದಿನ ಓಬಳೇಶ ಬಾಗಿಲಲ್ಲಿ ನಿಂತು, "ಅಕ್ಕಾ, ನಾನೇನು ಮಾಡಲಿ ಹೇಳು" ಎಂದ.

ಪಾಲಮ್ಮ ಬೈಯಲಿಲ್ಲ. "ಕಣ್ಣಿಲ್ಲದವನ ಜೊತೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೆ ಕಣಪ್ಪ. ಕುರುಡನ ಜೊತೆ ಬಾಳುವುದು ಏನೂಂತ ಈಗ ಗೊತ್ತಾಗುತ್ತಿದೆ" ಎಂದಳು. ಒಲೆಯ ಕಡೆ ತಿರುಗಿ ಕೂತಳು.

ಹೀಗೆ ಎಂಟು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಚರಂಡಿ ತೋಡುವವರು ಬಂದು ಬೀದಿಯ ಕಲ್ಲುಚಪ್ಪಡಿಗಳನ್ನು ಎತ್ತಿಟ್ಟು ಹೋದರು. ಪಾಲಮ್ಮ ನೀರಿಗೆ ಹೋಗಿದ್ದಳು. ಮನೆಯೊಳಗೆ ಕೂತು ಕೂತು ತಿಪ್ಪಯ್ಯನಿಗೆ ಏನನ್ನಿಸಿತೋ, ಒಬ್ಬನೇ ಹೊರಗೆ ಬಂದ. ಗೋಡೆ ಹಿಡಿದು ನಡೆದಿದ್ದರೆ ಎಲ್ಲಿ ಏನು ಬದಲಾಗಿದೆಯೆಂದು ಅವನ ಬೆರಳಿಗೆ ತಿಳಿಯುತ್ತಿತ್ತು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಪಾದ ಎಳೆಯುತ್ತ ನಡೆಯುತ್ತಿದ್ದ.

ಓಬಳೇಶ ಅಂಗಡಿಯ ಬಾಗಿಲು ತೆಗೆಯುತ್ತಿದ್ದವನು ತಿರುಗಿ ನೋಡಿದ. ತೆರೆದ ಚರಂಡಿಗೆ ಇನ್ನು ಎರಡೇ ಹೆಜ್ಜೆ. "ಅಣ್ಣಾ, ನಿಲ್ಲು!" ಎಂದು ಕೂಗಿ ಓಡಿದ. ತಿಪ್ಪಯ್ಯ ಅವನ ದನಿ ಗುರುತಿಸಿ, ಅಂಚಿನಲ್ಲೇ ಚರಂಡಿಗೆ ಬೆನ್ನು ಮಾಡಿ ಅವನ ಕಡೆ ತಿರುಗಿ ನಿಂತುಬಿಟ್ಟ. ಕಾಲ ಕೆಳಗೆ ಅಂಚಿನ ಮಣ್ಣು ಸಡಿಲವಾಗಿತ್ತು. ಜಾರಿದರೆ ಕಷ್ಟ ಎಂದು ಓಬಳೇಶ ಹತ್ತಿರ ಹೋಗಿ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದ.

ಮುಂಗೈಗೆ ಬೆರಳು ತಾಗಿದ್ದೇ ತಡ, ತಿಪ್ಪಯ್ಯ ಬೆಚ್ಚಿದ. ಕೈ ಕಿತ್ತುಕೊಂಡು ಹಿಂದಕ್ಕೆ ಹಾರಿದ. ಹಿಂದೆ ನೆಲವಿರಲಿಲ್ಲ.

ಚರಂಡಿಯ ಕಲ್ಲಿಗೆ ತಲೆ ಬಡಿದಿತ್ತು. ಮನೆಗೆ ಹೊತ್ತು ತಂದು ಮಲಗಿಸಿದಾಗ ಇನ್ನೂ ಉಸಿರಿತ್ತು. ಆಸ್ಪತ್ರೆಯ ಗಾಡಿ ಬರುವುದರೊಳಗೆ ಅವನು ಒಮ್ಮೆ ತುಟಿ ಬಿಚ್ಚಿ, "ಅವನನ್ನು ಯಾರೂ ಏನೂ ಅನ್ನಬೇಡಿ. ಹಿಡಿಯೋಕೆ ಬಂದ" ಎಂದ. ಗಾಡಿ ಬಂದಾಗ ಜೀವ ಹೋಗಿತ್ತು.

ಬೀದಿಯಲ್ಲಿ ಯಾರೂ ಓಬಳೇಶನನ್ನು ಏನೂ ಅನ್ನಲಿಲ್ಲ. "ಪಾಪ, ಉಳಿಸಲು ಓಡಿದ, ಕೈ ಜಾರಿತು" ಎಂದು ಬೆನ್ನು ತಟ್ಟಿದರು. "ಕೈ ಜಾರಲಿಲ್ಲ, ನಾನೇ ಕೊಂದೆ" ಎಂದು ಅವನು ಹೇಳಿದರೆ, ದುಃಖದಲ್ಲಿ ಏನೇನೋ ಆಡುತ್ತಾನೆ ಎಂದು ನೀರು ಕುಡಿಸಿದರು. ಅವನು ಪಾಲಮ್ಮನ ಬಳಿ ಹೋಗಿ, "ಅಕ್ಕಾ, ನೀನಾದರೂ ನನ್ನನ್ನು ಬೈಯಿ" ಎಂದು ಕಾಲಿಗೆ ಬಿದ್ದ. ಪಾಲಮ್ಮ, "ಅವರು ಬೇಡ ಅಂದು ಹೋಗಿದ್ದಾರಪ್ಪ" ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು.

ಆಮೇಲೆ ಓಬಳೇಶ ರಿಪೇರಿಯ ಕೆಲಸ ಬಿಟ್ಟ. ಆ ಊರಿನಿಂದ ಈ ಊರಿಗೆ ಅಲೆದ. ಸಿಕ್ಕಿದವರಿಗೆಲ್ಲ ತನ್ನ ಕತೆ ಹೇಳುವನು, ಕೇಳಿದವರೆಲ್ಲ ಅವನಿಗೆ ಸಮಾಧಾನ ಹೇಳುವರು. ಒಂದು ಸಲ ಈ ಮಠಕ್ಕೂ ಬಂದಿದ್ದ. ನಾನೂ ಅದನ್ನೇ ಹೇಳಿದೆ. ನಮಸ್ಕಾರ ಮಾಡಿ ಎದ್ದು ಹೋದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕಾದ, ಕತೆ ಮುಂದುವರಿಯಲಿಲ್ಲ.

"ಹಾಗಾದರೆ ಅವನಿಗೆ ಕ್ಷಮೆ ಸಿಗಲಿಲ್ಲವೇ ಗುರುಗಳೇ?" ಎಂದ.

"ಪೂರ್ತಿಯಾಗಿ ಸಿಕ್ಕಿತು ಮಗು; ಇನ್ನು ಯಾರ ಬಳಿ ಹೋಗಿ ಏನು ಕೇಳಬೇಕು ಎಂಬುದೇ ಅವನಿಗೆ ಉಳಿಯಲಿಲ್ಲ."