ತಿಪ್ಪೆಯ ಬುಡದ ಮಂಕರಿ

ಒಂದಾನೊಂದು ಕಾಲದಲ್ಲಿ, ಊರಿಗೆಲ್ಲ ಒಂದೇ ಬಾವಿ ಇದ್ದ ಕಾಲದಲ್ಲಿ, ಹೊನ್ನಾಜಿ ಅಂತ ಒಬ್ಬಳಿದ್ದಳಂತೆ. ಕಾಲು ಹೊದಿಕೆ ಒಳಗೆ ಎಳ್ಕೋ ಮಗಾ, ಇದು ಸ್ವಲ್ಪ ಹೆದರಿಕೆಯ ಕತೆ.

ಅವತ್ತು ಬೇರೆ ದಿನಗಳ ಹಾಗೇ ಒಂದು ದಿನವಂತೆ. ಭರಣಿ ಮಳೆ ಬಿದ್ದು ನೆಲ ಹದವಾಗಿ ನೆಂದಿತ್ತು. ಹೊನ್ನಾಜಿ ಎದ್ದು ಕಸ ಗುಡಿಸಿ, ಅಂಬಲಿ ಕಾಯಿಸಿ, ಅತ್ತೆಗೆ ಕೊಟ್ಟು, ಮಗನಿಗೆ ಕುಡಿಸಿ, ಆಮೇಲೆ ಒಲೆ ಮೇಲೆ ಹೊಗೆಗೆ ತೂಗುಹಾಕಿದ್ದ ಒಣ ಹೀರೆಕಾಯಿ ಇಳಿಸಿ ಬೀಜ ಉದುರಿಸಿಕೊಂಡು, ಬೂದಿಯಲ್ಲಿಟ್ಟಿದ್ದ ಕುಂಬಳದ ಬೀಜ, ಕುಡಿಕೆಯಲ್ಲಿದ್ದ ಬೆಂಡೆ ಬೀಜ, ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಕೀರೆ ಬೀಜ, ಎಲ್ಲವನ್ನೂ ಮೊರದಲ್ಲಿಟ್ಟುಕೊಂಡು ಹಿತ್ತಲಿಗೆ ಹೋದಳಂತೆ. ಅವಳ ಹಿಂದೆ ಮಗನೂ ಹೋದನಂತೆ.

ಮಗನ ಹೆಸರು ತಿಪ್ಪ. ಆರು ವರ್ಷದವನು. ಹೊನ್ನಾಜಿಗೆ ಇವನಿಗಿಂತ ಮುಂಚೆ ಇಬ್ಬರು ಹುಟ್ಟಿದ್ದರಂತೆ. ಮೊದಲನೇದು ಮೂರು ತಿಂಗಳಿಗೆ ಹೋಯಿತು, ಎರಡನೇದು ನಡೆಯೋದು ಕಲಿತ ಮೇಲೆ ಹೋಯಿತು. ಮಕ್ಕಳು ದಕ್ಕದ ಮನೆಯಲ್ಲಿ ಆ ಕಾಲದವರು ಒಂದು ಕೆಲಸ ಮಾಡ್ತಿದ್ದರು. ಹುಟ್ಟಿದ ಕೂಸನ್ನ ತಗೊಂಡು ಹೋಗಿ ಮನೆ ಹಿಂದಿನ ತಿಪ್ಪೆಯ ಮೇಲೆ, ಅದೇ ಸಗಣಿ ಕಸ ಹಾಕಿ ಗೊಬ್ಬರ ಮಾಡೋ ಗುಂಡಿಯಲ್ಲಿ, ಮಲಗಿಸಿಬಿಡೋದು. ಇದು ನಮ್ಮದಲ್ಲ, ತಿಪ್ಪೆಯದು ಅನ್ನೋದು. ಆಮೇಲೆ ಮೂರು ಹಿಡಿ ತೌಡು ತಿಪ್ಪೆಗೆ ಹಾಕಿ ಕೂಸನ್ನ ಕೊಂಡುಕೊಂಡು ಬರೋದು. ಹಾಗೆ ಕೊಂಡು ತಂದವನು ಈ ತಿಪ್ಪ. ಅವನು ಬದುಕಿದನಂತೆ.

ಬದುಕಿ ಬಾಯಿ ಬಂದಮೇಲೆ ಅವನ ಬಾಯಿ ಮುಚ್ಚಿದ್ದೇ ಇಲ್ಲವಂತೆ. ಅವ್ವಾ, ಬೀಜ ಮಣ್ಣೊಳಗೆ ಉಸಿರು ಹೇಗೆ ಬಿಡ್ತದೆ ಅಂದನಂತೆ. ಅವ್ವಾ, ಅದಕ್ಕೆ ಕತ್ತಲು ಅಂದ್ರೆ ಹೆದರಿಕೆ ಆಗಲ್ವಾ ಅಂದನಂತೆ. ನಿನ್ನ ಬಾಯಿ ಕೇಳಿದರೆ ಅದು ಇನ್ನೂ ಒಳಗೆ ಹೋಗ್ತದೆ, ನೀರು ತಾ ಹೋಗು ಅಂದಳಂತೆ ಹೊನ್ನಾಜಿ.

ಆಮೇಲೆ ಅವಳು ತಿಪ್ಪೆಯಿಂದ ಹಳೇ ಗೊಬ್ಬರ ಬಿದಿರಿನ ಮಂಕರಿಗೆ ತುಂಬಿ ತುಂಬಿ ಹೊತ್ತು ತಂದು ಪಾತಿಗಳಿಗೆ ಹಾಕಿದಳಂತೆ. ಕೀರೆ ಪಾತಿಗೆ ಆಯಿತು, ಕುಂಬಳದ ಗುಣಿಗೆ ಆಯಿತು, ಹೀರೆ ಬುಡಕ್ಕೆ ಆಯಿತು, ಬೆಂಡೆ ಪಾತಿಗೆ ಒಂದು ಮಂಕರಿ ಕಡಿಮೆ ಬಿತ್ತು. ತಿಪ್ಪೆಯ ತಳದಲ್ಲಿ ಸರಿಯಾಗಿ ಒಂದೇ ಮಂಕರಿ ಗೊಬ್ಬರ ಉಳಿದಿತ್ತಂತೆ. ಕಪ್ಪಗೆ, ಮೆತ್ತಗೆ, ಬೆರಳು ಇಟ್ಟರೆ ಬೆಚ್ಚಗೆ.

ಅದನ್ನ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಬುಡದ ಮಂಕರಿ ತಿಪ್ಪೆಗೇ ಬಿಡಬೇಕು, ಮುಂದಿನ ವರ್ಷದ ಗೊಬ್ಬರಕ್ಕೆ ಅದೇ ಹೆಪ್ಪು ಅಂತ ಹಿರಿಯರು ಹೇಳಿದ್ದರು. ಹೊನ್ನಾಜಿಗೂ ಗೊತ್ತಿತ್ತು. ಆದರೂ ಒಂದು ಮಂಕರಿ ತಾನೇ, ನಾಳೆ ಕಸ ಹಾಕಿದರೆ ತುಂಬ್ತದೆ ಅಂದುಕೊಂಡು ಗುದ್ದಲಿ ತಗೊಂಡು ಕೆರೆದಳಂತೆ. ಅತ್ತೆಗೆ ಕಣ್ಣು ಮಂಜು, ಆದರೆ ಕಿವಿ ಚುರುಕು. ಗುದ್ದಲಿ ಕಲ್ಲಿಗೆ ತಾಗಿದ ಸದ್ದು ಕೇಳಿ ಜಗಲಿಯಿಂದಲೇ ಕೂಗಿದಳಂತೆ. ಏನೇ ಹೊನ್ನಾಜಿ, ತಿಪ್ಪೆ ತಳ ಕೆರೆದು, ಸಾರಿಸಿ, ರಂಗೋಲಿ ಬಿಡ್ತೀಯೇನೇ ಅಂತ. ಹೊನ್ನಾಜಿ ನಕ್ಕು ಬುಡದ ಮಂಕರಿಯನ್ನ ಹೊತ್ತು ತಂದು ಬೆಂಡೆ ಪಾತಿಗೆ ಸುರಿದಳಂತೆ.

ಸುರಿದು ಸೊಂಟ ನೆಟ್ಟಗೆ ಮಾಡಿದಾಗ ನೆತ್ತಿ ಮೇಲೆ ಸೂರ್ಯ. ಬೇಲಿಯ ಆಚೆ ಒಬ್ಬಳು ನಿಂತಿದ್ದಳಂತೆ.

ಬೂದಿ ಬಣ್ಣದ ಸೀರೆ, ಕೂದಲಲ್ಲಿ ಹುಲ್ಲುಕಡ್ಡಿ, ಅವಳು ನಿಂತ ಕಡೆ ನೆಲದಿಂದ ಸಣ್ಣಗೆ ಆವಿ ಏಳುತ್ತಿತ್ತಂತೆ. ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ಯಾರವ್ವ ನೀನು, ನೀರು ಬೇಕಾ ಅಂತ ಹೊನ್ನಾಜಿ ಕೇಳಿದ್ದಕ್ಕೆ ಅವಳು ಹೇಳಿದಳಂತೆ. ನಾನು ತಿಪ್ಪೆಯವಳು. ಆರು ವರ್ಷದ ಹಿಂದೆ ನೀನು ನನ್ನ ಮಡಿಲಲ್ಲಿ ಒಂದು ಕೂಸು ಮಲಗಿಸಿದೆ, ಅಳ್ತಿತ್ತು, ನಾನು ಬೆಚ್ಚಗಿಟ್ಟೆ. ಮೂರು ಹಿಡಿ ತೌಡಿಗೆ ಕೊಟ್ಟೆ. ಇವತ್ತು ನೀನು ನನ್ನ ಮನೆ ಕೆರೆದೆ. ಇನ್ನು ಮೂರು ಮಳೆಗೆ ಮೂರು ಸಲ ಬರ್ತೀನಿ, ಕೇಳಿದ್ದು ಕೊಡಬೇಕು.

ಕೊಡದಿದ್ದರೆ ಅಂತ ಹೊನ್ನಾಜಿ ಕೇಳಲಿಲ್ಲವಂತೆ. ತಿಪ್ಪೆಯವಳು ತಿಪ್ಪನ ಕಡೆಯೇ ನೋಡುತ್ತಿದ್ದಳು.

ಆಮೇಲೆ ಹಿತ್ತಲು ಹೇಗೆ ಬೆಳೀತು ಅಂತೀಯ! ಮೂರನೇ ದಿನಕ್ಕೆ ಕೀರೆ ಮೊಳಕೆ, ಐದನೇ ದಿನಕ್ಕೆ ಬೆಂಡೆ, ಏಳನೇ ದಿನಕ್ಕೆ ಕುಂಬಳ ಬೀಜದ ಸಿಪ್ಪೆಯನ್ನ ಟೋಪಿ ಹಾಗೆ ಹಾಕಿಕೊಂಡು ಎದ್ದಿತಂತೆ. ಪಕ್ಕದ ಮನೆಯ ಚಿಕ್ಕೀರಿ ಬೇಲಿ ಹತ್ತಿರ ಬಂದು ಬಂದು ನೋಡಿ, ಏನಕ್ಕಾ, ನಿನ್ನ ಬಳ್ಳಿ ಎದ್ದು ನಡೀತದೇನು, ನಿನ್ನೆ ಗುಣಿಯಲ್ಲಿತ್ತು, ಇವತ್ತು ನಮ್ಮ ಒಲೆ ಹತ್ರ ಬಂದು ಅನ್ನ ಆಯ್ತಾ ಅಂತ ಕೇಳ್ತದೆ ಅಂದಳಂತೆ. ಹೊನ್ನಾಜಿಗೆ ನಗು ಬರಲಿಲ್ಲವಂತೆ.

ಕೃತ್ತಿಕೆ ಮಳೆ ಹನಿಯದೇ ಹೋಯಿತು, ರೋಹಿಣಿ ಮಳೆ ಬಂತು. ಮಳೆ ಬಿಟ್ಟ ಮಧ್ಯಾಹ್ನ ಬೇಲಿಯ ಆಚೆ ತಿಪ್ಪೆಯವಳು ನಿಂತಿದ್ದಳಂತೆ. ಮೊದಲು ಬಂದ ಸೊಪ್ಪು ಕೊಡು ಅಂದಳಂತೆ. ಹೊನ್ನಾಜಿ ಕೀರೆ ಸೊಪ್ಪನ್ನ ಬೇರುಸಮೇತ ಕಿತ್ತು, ಮಣ್ಣು ಕೊಡವಿ, ಮಡಿಲು ತುಂಬ ಕೊಟ್ಟಳಂತೆ. ಅವಳು ತಗೊಂಡು ಹೋದಳು. ಹೊನ್ನಾಜಿ, ಅಬ್ಬಾ, ಒಂದಾಯಿತು ಅಂದುಕೊಂಡಳು. ಆ ಸಾಯಂಕಾಲ ತಿಪ್ಪನಿಗೆ ಕಾಲು ತೊಳೆಸುವಾಗ ಅವನ ಹಿಮ್ಮಡಿಯಲ್ಲಿ ಬಿಳೀ ದಾರದ ಎಳೆ ಅಂಟಿಕೊಂಡಿತ್ತಂತೆ. ಎಳೆದಳು, ಬರಲಿಲ್ಲ. ಜೋರಾಗಿ ಎಳೆದಳು, ಕಿತ್ತು ಬಂತು, ಕಿತ್ತ ಕಡೆ ಒಂದು ಹನಿ ರಕ್ತ ಬಂತು. ನೋವಾಯ್ತಾ ಮಗಾ ಅಂದರೆ ಇಲ್ಲವ್ವಾ ಅಂದನಂತೆ. ಬೆಳಕಿಗೆ ಹಿಡಿದು ನೋಡಿದಳು. ದಾರ ಅಲ್ಲ. ಮೊಳಕೆ ಕಟ್ಟಿದ ಹುರುಳಿಗೆ ಬರುತ್ತಲ್ಲ, ಅಂಥದೇ ಬೇರು.

ಆವತ್ತಿಂದ ಹೊನ್ನಾಜಿ ಮಗನನ್ನ ಹಿತ್ತಲಿಗೆ ಬಿಡಲಿಲ್ಲವಂತೆ. ಬಾಗಿಲಿಗೆ ಅಗಳಿ ಹಾಕಿದಳು. ಅವಳು ನೀರಿಗೆ ಹೋಗಿ ಬರುವಷ್ಟರಲ್ಲಿ ಅವನು ಅಗಳಿ ತೆಗೆದು ಹೋಗಿ ಬೆಂಡೆ ಪಾತಿಯಲ್ಲಿ ಕೂತಿರುತ್ತಿದ್ದನಂತೆ. ಅದೇ, ಬುಡದ ಮಂಕರಿ ಸುರಿದಿದ್ದಳಲ್ಲ, ಆ ಪಾತಿಯಲ್ಲಿ. ಅಲ್ಲೇನಿದೆಯೋ ಅಂದರೆ, ಬೆಚ್ಚಗಿದೆ ಅವ್ವಾ ಅನ್ನುತ್ತಿದ್ದನಂತೆ. ಮುದ್ದೆ ಮುಟ್ಟುತ್ತಿರಲಿಲ್ಲ. ನೀರು ಮಾತ್ರ ಕುಡಿಯುತ್ತಿದ್ದ. ಗಂಡ ದೂರದ ಸೀಮೆಗೆ ಕೆರೆ ಕೆಲಸಕ್ಕೆ ಹೋಗಿದ್ದ, ಹೇಳಿಕೊಳ್ಳೋಕೆ ಅತ್ತೆ ಒಬ್ಬಳೇ. ಅತ್ತೆ ಮೊಮ್ಮಗನ ಕಾಲು ತಡವಿ ನೋಡಿ, ಅವನನ್ನ ಮಡಿಲಿಗೆ ಎಳೆದುಕೊಂಡು ಸೆರಗಿಂದ ಕಾಲು ಮುಚ್ಚಿದಳಂತೆ.

ಆಮೇಲೆ ಮೃಗಶಿರ ಮಳೆ ಬಂತು. ಅವತ್ತು ಮಧ್ಯಾಹ್ನ ಅವಳು ಬೇಲಿಯ ಈಚೆ ನಿಂತಿದ್ದಳಂತೆ. ಮೊದಲು ಬಂದ ಹೂವು ಕೊಡು ಅಂದಳಂತೆ. ಕುಂಬಳದ ಬಳ್ಳಿಯಲ್ಲಿ ಅಂಗೈ ಅಗಲದ ಹಳದಿ ಹೂ ಬಿಟ್ಟಿತ್ತು, ಮೊದಲ ಹೂವೆಲ್ಲ ಗಂಡು ಹೂವೇ, ಕಾಯಿ ಆಗೋದಲ್ಲ. ಹೊನ್ನಾಜಿ ಒಂದೂ ಬಿಡದೆ ಕೊಯ್ದು ಕೊಟ್ಟಳಂತೆ. ಇನ್ನಾದರೂ ನನ್ನ ಮಗನನ್ನ ಬಿಡು ತಾಯಿ ಅಂತ ಸೆರಗೊಡ್ಡಿದಳಂತೆ. ಅವಳು, ನಾನೆಲ್ಲಿ ಹಿಡಿದಿದ್ದೀನಿ ಅಂದು ಹೊರಟು ಹೋದಳಂತೆ.

ಮಾರನೇ ದಿನದಿಂದ ತಿಪ್ಪನ ಮಾತು ಕಡಿಮೆಯಾಯಿತು. ದಿನಕ್ಕೆ ಹತ್ತು ಮಾತು, ಆಮೇಲೆ ಮೂರು, ಆಮೇಲೆ ಬರೀ ಹೂಂ. ಅಂಗಾಲಿನ ತುಂಬ ಬಿಳೀ ಎಳೆ. ಪ್ರತಿ ಸಾಯಂಕಾಲ ಹೊನ್ನಾಜಿ ಕೂತು ಒಂದೊಂದನ್ನೇ ಬಿಡಿಸಿ ತೆಗೆಯೋದು, ಬೆಳಗ್ಗೆ ಅಷ್ಟೇ ಬಂದಿರೋದು. ಹೊರಗೆ ಹೀರೆ ಚಪ್ಪರ ತುಂಬಿತು, ಬೆಂಡೆ ಸೊಂಟದೆತ್ತರ ಬಂತು. ಅಂಥ ಹಿತ್ತಲು ಅವಳು ಹುಟ್ಟಿದಾಗಿಂದ ಬೆಳೆದಿರಲಿಲ್ಲವಂತೆ. ಬೆಳೆದದ್ದನ್ನ ಕಣ್ಣೆತ್ತಿ ನೋಡೋಕೆ ಅವಳಿಗೆ ಭಯ.

ನಿದ್ದೆ ಬಂತಾ? ಇಲ್ವಾ? ಹಾಗಾದರೆ ಕೇಳು.

ಆರಿದ್ರೆ ಮಳೆ ಹುಟ್ಟೋ ಹಿಂದಿನ ದಿನ ಹೊನ್ನಾಜಿ ಕಸ ಚೆಲ್ಲೋಕೆ ತಿಪ್ಪೆಗುಂಡಿಗೆ ಹೋದಳಂತೆ. ಕೆರೆದ ದಿನದಿಂದ ಎಷ್ಟು ಕಸ ಹಾಕಿದರೂ ಅದು ನಿಲ್ಲುತ್ತಿರಲಿಲ್ಲ, ಒಣಗಿ ಗಾಳಿಗೆ ಹಾರಿಹೋಗಿ ಗುಂಡಿ ಬೋಳಾಗೇ ಇರುತ್ತಿತ್ತು. ಅವತ್ತು ನೋಡಿದರೆ ಗುಂಡಿಯ ನಡುವೆ ತಾನು ಕೊಟ್ಟ ಕೀರೆ ಸೊಪ್ಪು ಮಡಿಸಿಟ್ಟ ಬಟ್ಟೆ ಹಾಗೆ ಒಪ್ಪವಾಗಿ ಇಟ್ಟಿತ್ತು. ಅದರ ಮೇಲೆ ಕುಂಬಳದ ಹೂವು. ಒಂದನ್ನೂ ತಿಂದಿರಲಿಲ್ಲ. ಎರಡೂ ಕೊಳೆತು ಕಪ್ಪಾಗಿದ್ದವು. ಹೊನ್ನಾಜಿ ಅದನ್ನ ನೋಡಿ ಇನ್ನೂ ಹೆದರಿ ಓಡಿ ಬಂದಳಂತೆ.

ಮಾರನೇ ದಿನ ಆರಿದ್ರೆ ಹನಿ ಉದುರಿತು. ಮನೆಯಲ್ಲಿ ತಿಪ್ಪ ಇಲ್ಲ. ಹೊನ್ನಾಜಿ ಹಿತ್ತಲಿಗೆ ಓಡಿದಳು. ಅವನು ಬೆಂಡೆ ಪಾತಿಯಲ್ಲಿ ಗಿಡಗಳ ಸಾಲಿನಲ್ಲಿ ನಿಂತಿದ್ದನಂತೆ. ಪಾದ ಪೂರಾ, ಹರಡಿನ ಗಂಟಿನ ತನಕ ಮಣ್ಣೊಳಗೆ. ಕಂಕುಳಿಗೆ ಕೈ ಹಾಕಿ ಎತ್ತಿದಳು, ಬರಲಿಲ್ಲ. ಮತ್ತೆ ಎತ್ತಿದಳು, ಬೇರು ಕಿತ್ತಾಗ ಬರುತ್ತಲ್ಲ, ಚಿಟ್ ಚಿಟ್ ಅಂತ ಸದ್ದು, ಅದು ಮಗನ ಕಾಲಿಂದ ಬಂತು. ಅವಳು ಕೈ ಬಿಟ್ಟಳಂತೆ.

ತಿಪ್ಪೆಯವಳು ಪಾತಿಯ ಬದುವಿನ ಮೇಲೆ ಕೂತಿದ್ದಳು. ಹೊನ್ನಾಜಿ ಎಳೇ ಹೀರೆಕಾಯಿ ಕಿತ್ತು ಮುಂದಿಟ್ಟಳಂತೆ. ತಗೊ ತಾಯಿ, ಮೊದಲನೇ ಕಾಯಿ, ಸೊಪ್ಪು ಕೊಟ್ಟೆ, ಹೂ ಕೊಟ್ಟೆ, ಕಾಯಿ ಕೊಡ್ತಿದ್ದೀನಿ. ಅವಳು ತಲೆಯಾಡಿಸಿದಳಂತೆ. ಕಾಯಿ ಬೇಡ. ಕೂಸು ತಾ. ನನಗೆ ಮೈ ಇಲ್ಲ, ಮನೆ ಇಲ್ಲ, ಮಳೆ ನೆತ್ತಿ ಮೇಲೇ ಬೀಳ್ತಿದೆ. ಬೆಚ್ಚಗೆ ಒಂದಾದರೂ ಬೇಕು.

ಆ ಮಾತು ಕೇಳಿದಾಗ ಹೊನ್ನಾಜಿಗೆ ಗುಂಡಿಯಲ್ಲಿ ಒಪ್ಪವಾಗಿ ಇಟ್ಟಿದ್ದ ಸೊಪ್ಪು ಕಣ್ಣ ಮುಂದೆ ಬಂತಂತೆ. ಇವಳು ಹಸಿದು ಕೇಳ್ತಿರಲಿಲ್ಲ. ಇಷ್ಟಿಷ್ಟೇ ತಗೊಂಡು ಹೋಗಿ ಕೆರೆದ ಮನೆ ಕಟ್ಟಿಕೊಳ್ತಿದ್ದಳು.

ಹೊನ್ನಾಜಿ ಸೆರಗು ಬಿಗಿದು ಕಟ್ಟಿದಳು. ಮೊದಲು ಕುಂಬಳದ ಬಳ್ಳಿಗೆ ಕೈ ಹಾಕಿದಳಂತೆ. ಹೆಣ್ಣು ಹೂ ಬಿಟ್ಟು, ಅದರ ಬುಡದಲ್ಲಿ ಗೋಲಿಯಷ್ಟು ಕಾಯಿ ಕಟ್ಟಿತ್ತು. ಬೇರು ಸಮೇತ ಎಳೆದು, ಹೆಗಲ ಮೇಲೆ ಹೊತ್ತು ಹೋಗಿ ಗುಂಡಿಗೆ ಹಾಕಿದಳು. ತಿರುಗಿ ಬಂದು ನೋಡಿದರೆ ಮಗನ ಒಂದು ಕಾಲು ಮೇಲೆ ಬಂದಿತ್ತು. ಆಮೇಲೆ ಹೀರೆ ಚಪ್ಪರಕ್ಕೆ ಹೋದಳು. ಚಿಕ್ಕೀರಿ ಬೇಲಿಯ ಆಚೆಯಿಂದ ಬಾಯಿ ಬಡಿದುಕೊಂಡಳಂತೆ. ಅಯ್ಯೋ ಅಕ್ಕಾ, ಕಾಯಿ ಬಿಟ್ಟ ಬಳ್ಳಿ ಕೀಳ್ತಾ ಇದ್ದೀಯಲ್ಲೇ, ನಿನಗೇನು ಗಾಳಿ ಸೋಕಿತೇನೇ ಅಂತ. ಆಗ ಒಳಗಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದು, ನೀನು ಬಾಯಿ ಮುಚ್ಕೊಂಡಿರೇ, ಕೀಳು ಹೊನ್ನಾಜಿ, ಒಂದೂ ಬಿಡಬೇಡ, ಕೀಳು ಅಂದಳಂತೆ. ಚಪ್ಪರ ಬೋಳಾಯಿತು. ಮಗನ ಇನ್ನೊಂದು ಕಾಲಿನ ಹಿಮ್ಮಡಿ ಮೇಲೆ ಬಂತು, ಬೆರಳು ಮಾತ್ರ ಮಣ್ಣಲ್ಲೇ ಇತ್ತು.

ಆಮೇಲೆ ಬೆಂಡೆ. ಬೆಂಡೆ ಗಿಡದಲ್ಲಿ ಕಾಯಿ ಬೆರಳುದ್ದ ಇತ್ತು, ನಾಳೆ ಕೊಯ್ದರೆ ಸಾರಿಗೆ ಆಗುತ್ತಿತ್ತು. ಅದನ್ನೂ ಕಿತ್ತಳು. ಸಾಲದು ಅಂದಳಂತೆ ತಿಪ್ಪೆಯವಳು. ಹೊನ್ನಾಜಿಗೆ ಗೊತ್ತಾಯಿತು. ಗುದ್ದಲಿ ತಂದು, ಮಗನ ಕಾಲ ಸುತ್ತ ಮೆಲ್ಲಗೆ ಕೆದಕಿ, ಕಪ್ಪಗೆ ಬೆಚ್ಚಗಿದ್ದ ಮಣ್ಣನ್ನ ಮಂಕರಿಗೆ ತುಂಬಿ, ತಲೆ ಮೇಲೆ ಹೊತ್ತು, ಅಳ್ತಾ ಅಳ್ತಾ ಹೋಗಿ, ಗುಂಡಿಯ ತಳದಲ್ಲಿ ಎಲ್ಲಿ ಕೆರೆದಿದ್ದಳೋ ಅಲ್ಲೇ ಸುರಿದಳಂತೆ. ಬಳ್ಳಿ ಗಿಡಗಳನ್ನ ಅದರ ಮೇಲೆ ಮುಚ್ಚಿದಳು. ಎರಡು ತಿಂಗಳು ನೀರು ಹೊತ್ತು ಬೆಳೆಸಿದ ಹಿತ್ತಲು ಮಂಡಿಯೆತ್ತರ ತಿಪ್ಪೆ ಆಯಿತು. ತಿಪ್ಪೆಯವಳು ಎದ್ದು ಬಂದಳು, ಅದರ ಮೇಲೆ ಕೂತಳು, ಕೂತ ಹಾಗೇ ಒಳಗೆ ಇಳಿದಳು. ಸಣ್ಣಗೆ ಆವಿ ಎದ್ದಿತಂತೆ.

ಹಿತ್ತಲಿಂದ, ಅವ್ವಾ ಅಂತ ಕೂಗು ಕೇಳಿತು. ಹೊನ್ನಾಜಿ ತಿರುಗಿ ನೋಡಿದರೆ ತಿಪ್ಪ ತನ್ನ ಕಾಲಲ್ಲೇ ನಡೆದು ಬರುತ್ತಿದ್ದನಂತೆ. ಅವ್ವಾ, ಬೆಂಡೆಕಾಯಿ ಎಲ್ಲಿ ಹೋಯ್ತು, ಹೊಟ್ಟೆ ಹಸೀತದೆ, ಕಾಲು ಉರೀತದೆ, ಅಜ್ಜಿ ಯಾಕೆ ಅಳ್ತದೆ ಅಂತ ಒಂದೇ ಉಸಿರಿಗೆ ಕೇಳಿದನಂತೆ. ಹೊನ್ನಾಜಿ ಅವನನ್ನ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಮುದ್ದೆ ಇಡೋಕೆ ಒಳಗೆ ಹೋದಳಂತೆ.

ಆ ವರ್ಷ ಅವಳ ಹಿತ್ತಲಲ್ಲಿ ತರಕಾರಿ ಇರಲಿಲ್ಲ. ಚಿಕ್ಕೀರಿ ಬಯ್ಕೊಂಡು ಬಯ್ಕೊಂಡೇ ದಿನಾ ಬೇಲಿ ಮೇಲಿಂದ ಒಂದು ಹಿಡಿ ಸೊಪ್ಪೋ ಎರಡು ಕಾಯೋ ಕೊಡುತ್ತಿದ್ದಳಂತೆ. ಗಂಡ ಕೆರೆ ಕೆಲಸ ಮುಗಿಸಿಕೊಂಡು ಬಂದನಂತೆ. ಎಲ್ಲರೂ ಒಟ್ಟಿಗೆ ಕೂತು ಮುದ್ದೆ ಉಂಡು ಚೆನ್ನಾಗಿದ್ದರಂತೆ. ಹೊನ್ನಾಜಿಯ ಕತೆ ಅಲ್ಲಿಗೆ ಮುಗೀತು, ನೀನಿನ್ನು ಕಣ್ಣು ಮುಚ್ಚು.

ಗೌರಿ ಹಬ್ಬದ ಹೊತ್ತಿಗೆ ತಿಪ್ಪನ ಮುಂದಿನ ಹಾಲುಹಲ್ಲು ಒಂದು ಬಿತ್ತಂತೆ. ಹೊನ್ನಾಜಿ ಅದನ್ನ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳಂತೆ, ಬಿಳೀ ಎಳೆ ಒಂದೂ ಇರಲಿಲ್ಲವಂತೆ.