ತಂತಿ ಇಳಿದ ಹೊತ್ತು

ಹೊಳೆ ತಿರುವು ತೆಗೆದುಕೊಂಡು, ಹರಿಯುವುದನ್ನೇ ಮರೆತಂತೆ ನಿಧಾನವಾಗುವ ಕಡೆ ಅಂದಾನಪ್ಪ ಬುವಾ ಅವರ ಆಶ್ರಮವಿತ್ತು. ಬುವಾ ಹೆಸರಾಂತ ಹಾಡುಗಾರರು. ವಯಸ್ಸಾಗಿ ಗಂಟಲು ಕೈಕೊಟ್ಟಿತ್ತು. ಮಾತಿಗೆ ದನಿ ಸಾಲುತ್ತಿತ್ತು, ಹಾಡಿಗೆ ಸಾಲುತ್ತಿರಲಿಲ್ಲ.

ತಮ್ಮ ಗುರುಗಳ ಪುಣ್ಯತಿಥಿಗೆ ಬುವಾ ಪ್ರತಿ ವರ್ಷ ಒಂದು ಪದ ಹಾಡುತ್ತಿದ್ದರು. ಹೊಳೆಯ ಆಚೆ ದಂಡೆಯವರನ್ನು ಕೂಗಿ ಕರೆಯುವ ಪದ. ನಡುವೆ ಒಂದು ಕಡೆ 'ಬಾ' ಎಂದು ಕರೆದು ಸುಮ್ಮನಾಗಿಬಿಡುತ್ತಿದ್ದರು. ಕೂತವರೂ ಉಸಿರು ಹಿಡಿದು ಕೂರುತ್ತಿದ್ದರು. ಆಮೇಲೆ ಬುವಾ ಮತ್ತೆ ಎತ್ತಿಕೊಂಡಾಗ ಕಣ್ಣು ಒರೆಸಿಕೊಳ್ಳದವರು ಕಡಿಮೆ.

ಈ ವರ್ಷ ಅದನ್ನು ಶಿಷ್ಯ ಕೊಟ್ರಯ್ಯ ಹಾಡಬೇಕಿತ್ತು. ಅವನಿಗೆ ಬರಲಿಲ್ಲವೆಂದರೆ ಆ ಪದ ಬುವಾ ಅವರ ಕಾಲಕ್ಕೇ ಮುಗಿದಂತೆ. ಈ ಹೆದರಿಕೆಯಲ್ಲಿ ಕೊಟ್ರಯ್ಯನಿಗೆ ಅನ್ನ ರುಚಿಸುತ್ತಿರಲಿಲ್ಲ.

ರಾಗ ಬಂತು, ಮಾತು ಬಂತು. ಸುಮ್ಮನಿರುವುದೊಂದು ಬರಲಿಲ್ಲ.

"ಬುವಾ, ಅಲ್ಲಿ ತಾಳದ ಎಷ್ಟು ಮಾತ್ರಿ ನಿಲ್ಲಬೇಕ್ರಿ?"

"ನಾ ಎಂದೂ ಎಣಿಸಿಲ್ಲ."

ಕೊಟ್ರಯ್ಯ ಎಣಿಸಿ ನಿಂತು ನೋಡಿದ, ಎಣಿಸದೆ ನಿಂತು ನೋಡಿದ. ಬುವಾ ಅಲ್ಲವೆಂದು ತಲೆಯಾಡಿಸಿದರು.

"ಅಲ್ಲಿ ಸುಮ್ನಿರಾಕ ನಿನಗ ಬರವಲ್ದು, ತಮ್ಮಾ. ಹಾಡೂದು ನಿಲ್ಲಿಸ್ತಿ ಅಷ್ಟ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊಟ್ರಯ್ಯ ತಪ್ಪನ್ನು ತಾನು ಪದ ಕೇಳುತ್ತಿದ್ದ ಸ್ಪೀಕರಿನ ಮೇಲೆ ಹಾಕಿದ. ಬುವಾ ನಡುವಯಸ್ಸಿನಲ್ಲಿ ಹಾಡಿದ್ದನ್ನು ಯಾರೋ ಅಭಿಮಾನಿ ಟೇಪಿನಲ್ಲಿ ಹಿಡಿದಿಟ್ಟಿದ್ದರು. ಅದೀಗ ಮೊಬೈಲಿನ ಹಾಡಿನ ಆ್ಯಪ್‌ನಲ್ಲಿ ಸಿಗುತ್ತಿತ್ತು. ಆ ಮೌನದೊಳಗೆ ಏನೋ ಇದೆ, ತನ್ನ ಸ್ಪೀಕರಿಗೆ ಅದು ನಿಲುಕುತ್ತಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಅಲ್ಲಿಂದ ಹೊಳೆ ದಂಡೆಯಲ್ಲೇ ಇದ್ದ ಅವನ ಮನೆಯಲ್ಲಿ ಹೊಸ ಸಾಧನೆ ಶುರುವಾಯಿತು. ಆ್ಯಪ್‌ಗೆ ಚಂದಾ ಕಟ್ಟಿ ಧ್ವನಿಯ ಗುಣಮಟ್ಟವನ್ನು ಎಲ್ಲಕ್ಕಿಂತ ಮೇಲಿನದಕ್ಕೆ ಏರಿಸಿದ. ಬ್ಲೂಟೂತ್ ಬಿಟ್ಟು, ಆಂಪ್ಲಿಫೈಯರ್ ತಂದು ವೈರ್ ಎಳೆದ. ಹೊಸ ಸ್ಪೀಕರ್ ತಂದು, ಗೋಡೆಯಿಂದ ಮೊಳ ದೂರಕ್ಕೆ, ಕೂತವನ ಕಿವಿಯ ಮಟ್ಟಕ್ಕೆ ನಿಲ್ಲಿಸಿದ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ. ಹೊಳೆಯ ಸದ್ದು ಹೊರಗೇ ಉಳಿಯಿತು.

ಮೂಲೆಯಲ್ಲಿ ಒಂದು ತಂಬೂರಿ ಇತ್ತು. ಬುವಾ ಅವರ ಹೆಂಡತಿ ನಾಗಲವ್ವನದು. ಆಕೆ ತೀರಿಕೊಂಡ ಮೇಲೆ ಬುವಾ ಅದನ್ನು ಶಿಷ್ಯನಿಗೆ ಕೊಟ್ಟಿದ್ದರು. ಸ್ಪೀಕರ್ ಹಾಡಿದಾಗಲೆಲ್ಲ ಅದರ ತಂತಿಗಳೂ ತಮ್ಮಷ್ಟಕ್ಕೆ ತಾವೇ ಗುಂಯ್‌ಗುಡುತ್ತಿದ್ದವು. ಇದೊಂದು ಕಾಟ ಎಂದು ಕೊಟ್ರಯ್ಯ ಅದಕ್ಕೆ ಗವಸು ತೊಡಿಸಿ, ದಾರ ಬಿಗಿದು, ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಅವನ ಅಭ್ಯಾಸಕ್ಕೆ ಮೊಬೈಲಿನ ತಂಬೂರಿಯೇ ಸಾಕಿತ್ತು. ಅದರಲ್ಲಿ ತಂತಿ ಸಡಿಲಿ ಶ್ರುತಿಯಿಂದ ಇಳಿಯುವ ತಂಟೆಯಿಲ್ಲ.

ಈಗ ಪದ ಕೇಳಿದರೆ ಬುವಾ ಎದುರಿಗೇ ಕೂತಂತಿತ್ತು. ಆದರೆ ಆ ಮೌನದಲ್ಲಿ ಮಾತ್ರ ಟೇಪಿನ ಸುಯ್ಯೆನ್ನುವ ಸದ್ದು, ಅದರ ಅಡಿಯಲ್ಲಿ ಏನೋ ಕಿಣಿಕಿಣಿ. ಆಂಪ್ಲಿಫೈಯರಿನಲ್ಲಿ ಬೇಡದ ಸದ್ದನ್ನು ತೆಗೆದುಹಾಕುವ ಗುಂಡಿಯೊಂದಿತ್ತು. ಒತ್ತಿದ. ಮೌನ ತೊಳೆದಿಟ್ಟ ಪಾಟಿಯಷ್ಟು ಚೊಕ್ಕಟವಾಯಿತು.

ಸಂತೋಷ ತಡೆಯಲಾರದೆ ಹೋಗಿ ಬುವಾ ಅವರನ್ನು ಮನೆಗೆ ಕರೆತಂದ.

ಸಂಜೆ ಇಳಿಯುತ್ತಿತ್ತು. ಪರದೆಯ ಸಂದಿನಿಂದ ಬಂದ ಬೆಳಕು ಜಮಖಾನದ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಟೇಪಿನ ಆ ಹಾಡನ್ನು ಬುವಾ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಕಣ್ಣು ಮುಚ್ಚಿ ಕೂತರು. ತಮ್ಮದೇ ಹಳೆಯ ದನಿಗೆ ಬೆರಳಾಡಿಸಿದರು, ಒಂದು ಕಡೆ ನಕ್ಕರು. 'ಬಾ' ಎಂಬಲ್ಲಿಗೆ ಬಂದಾಗ, ಬೆನ್ನ ಹಿಂದೆ ಕೂತವರಿಗೆ ಕಿವಿಗೊಟ್ಟಂತೆ ತಲೆಯನ್ನು ಒಂದಿಷ್ಟು ವಾಲಿಸಿದರು.

ಪದ ಮುಂದೆ ಹೋಯಿತು. ಮುಗಿಯಿತು. ಬುವಾ ಅವರ ತಲೆ ಮಾತ್ರ ಹಾಗೇ ವಾಲಿತ್ತು.

"ಹೆಂಗೈತ್ರಿ, ಬುವಾ?"

"ಚೊಕ್ಕ ಐತಿ," ಎಂದರು ಬುವಾ. ತಲೆ ಎತ್ತಿ ಕೇಳಿದರು, "ಆಕಿ ಎಲ್ಲಿ?"

"ಯಾರ್ರಿ?"

"ನಾಗಲವ್ವ."

ಕೊಟ್ರಯ್ಯನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಾನು ಅಳಿಸಿದ ಕಿಣಿಕಿಣಿ ನೆನಪಾಯಿತು. ಗುಂಡಿಯನ್ನು ಮತ್ತೆ ಒತ್ತಿ, ಪದವನ್ನು ಹಿಂದಕ್ಕೆ ತಂದ.

'ಬಾ.' ಟೇಪಿನ ಸುಯ್ಯೆನ್ನುವ ಸದ್ದು. ಅದರ ಅಡಿಯಿಂದ ಗಾಜಿನ ಬಳೆಗಳ ಕಿಣಿಕಿಣಿ, ತಂಬೂರಿಯ ತಂತಿ ಬಿಗಿಯುವ ಬಿರಡೆ ಕಿರ್ರೆಂದು ತಿರುಗುವ ದನಿ. ಒಂದು ತಂತಿ ಮೆಲ್ಲಗೆ ಮೇಲೇರಿ ತನ್ನ ಜಾಗಕ್ಕೆ ಬಂದು ಕೂತಿತು. ಬಳೆಗಳು ಸುಮ್ಮನಾದವು. ಆಗ ಬುವಾ ಹಾಡು ಎತ್ತಿಕೊಂಡರು.

ಆ ಟೇಪು ಹಿಡಿದ ದಿನ ನಡೆದದ್ದನ್ನು ಬುವಾ ಹೇಳಿದರು. ಪದದ ನಡುವೆ ತಂಬೂರಿಯ ತಂತಿ ಇಳಿದುಹೋಗಿತ್ತು. ಹಿಂದೆ ಕೂತು ಮೀಟುತ್ತಿದ್ದ ನಾಗಲವ್ವ ಗಾಬರಿಯಾಗಿ ಬಿರಡೆಗೆ ಕೈ ಹಾಕಿದ್ದಳು. ಅಷ್ಟು ಜನರ ಮುಂದೆ ಆಕೆಗೆ ಅವಸರವಾಗಬಾರದೆಂದು ಬುವಾ ಸುಮ್ಮನೆ ಕೂತರು. ಜನ ಅದನ್ನು ದೊಡ್ಡ ವಿದ್ಯೆ ಎಂದುಕೊಂಡರು. ಮುಂದಿನ ವರ್ಷದಿಂದ ಅಲ್ಲಿ ಸುಮ್ಮನಾಗುವುದೇ ರೂಢಿಯಾಯಿತು. ಆಕೆ ಹೋದ ಮೇಲಂತೂ ಅಲ್ಲಿಗೆ ಬಂದರೆ ಬುವಾ ಅವರಿಗೆ ಮುಂದೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ.

ಕೊಟ್ರಯ್ಯ ಬುವಾ ಅವರ ಕಾಲು ಮುಟ್ಟಿದ. ಗುರುಗಳ ಮನೆಯಾಕೆಯನ್ನು ಕೈಯಾರೆ ಒರೆಸಿ ಹಾಕಿ, ಅದನ್ನೇ ಕೇಳಿಸಲು ಅವರನ್ನು ಕರೆತಂದಿದ್ದ. ತಪ್ಪಾಯಿತು ಎಂದ. ಬುವಾ ಆ ಮಾತನ್ನು ಬೆಳೆಸಲಿಲ್ಲ.

"ನೀ ಹಾಡುವಾಗ ತಂಬೂರಿ ಯಾರು ಮೀಟತಾರ?"

"ಮೊಬೈಲ್ ಐತ್ರಿ."

"ಅದರ ತಂತಿ ಇಳಿತೈತೇನು?"

"ಇಲ್ರಿ."

ಬುವಾ ಎದ್ದು ಪರದೆ ಸರಿಸಿ ಕಿಟಕಿ ತೆರೆದರು. ಹೊಳೆಯ ಸದ್ದು ಒಳಗೆ ಬಂತು. ಮೂಲೆಗೆ ಹೋಗಿ ದಾರ ಬಿಚ್ಚಿದರು, ಗವಸು ತೆಗೆದರು, ನಾಗಲವ್ವನ ತಂಬೂರಿಯನ್ನು ಎತ್ತಿಕೊಂಡು ಬಂದರು.

ಗುರುಗಳು ತಂಬೂರಿ ಹಿಡಿದು ಶಿಷ್ಯನ ಹಿಂದೆ ಕೂರುವುದು ಎಲ್ಲಾದರೂ ಉಂಟೇ? ಕೊಟ್ರಯ್ಯ ಧಡಕ್ಕನೆ ಎದ್ದು ಕೈ ಚಾಚಿದ. ಬುವಾ ಕೊಡಲಿಲ್ಲ. ಅವನನ್ನು ಮುಂದೆ ಕೂರಿಸಿ, ತಾವು ಹಿಂದೆ ಕೂತು, ನಿಧಾನವಾಗಿ ಬಿರಡೆ ತಿರುವಿ ತಂತಿ ಮೀಟಿದರು.

"ಹಾಡು, ತಮ್ಮಾ. ನನ್ನ ಕೈಯಾಗ ಮೊದಲಿನ ಕಸುವಿಲ್ಲ. ನಡುವ ತಂತಿ ಇಳದ್ರ, ನೀ ನನ್ನ ಸಲುವಾಗಿ ಒಂದೀಟು ಕಾಯ್ಬೇಕು."