ಮಸಿ ಬಳಿಯದ ಓಲೆ

"ಗುರುಗಳೇ, ಮೆಚ್ಚಿದ ಕವಿಯ ಗ್ರಂಥವನ್ನು ಓದದೆ ಎತ್ತಿಡುವುದು ತಪ್ಪೇ?" ಎಂದು ಮರುಳಯ್ಯ ಎಂಬ ಶಿಷ್ಯ ಕೇಳಿದ.

ಗುರುಗಳು ಓಲೆಗರಿಗಳನ್ನು ಒರೆಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ತಪ್ಪು ಎಂದವರು ಯಾರು?" ಎಂದರು.

"ಯಾರೂ ಅನ್ನಲಿಲ್ಲ. ನನ್ನ ಗೂಡಿನಲ್ಲಿ ಹನ್ನೊಂದು ಓಲೆಕಟ್ಟುಗಳಿವೆ. ಎಲ್ಲವೂ ನಾನು ತುಂಬ ಇಷ್ಟಪಡುವ ಕವಿಗಳವು. ಓದಿಬಿಟ್ಟರೆ ಮುಗಿದುಹೋಗುತ್ತವಲ್ಲ ಎಂದು ಬಿಚ್ಚಿಲ್ಲ. ಇನ್ನೂ ಇವೆ ಎಂದುಕೊಳ್ಳುವುದೇ ಒಂದು ಸುಖ. ಹೋದ ಹುಣ್ಣಿಮೆಗೆ ತಾವು ಬರೆದು ಕೊಟ್ಟ ಕಟ್ಟೂ ಅಲ್ಲೇ ಇದೆ. ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ."

"ಓಹೋ! ರೇಷ್ಮೆ ಬಟ್ಟೆಯಲ್ಲಿ!" ಎಂದರು ಗುರುಗಳು. ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿರುತ್ತೇನೆ."

ಹೀಗೆಂದು ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕವಿಯಿದ್ದ. ಅವನ ಹೆಂಡತಿಯ ಹೆಸರು ಮಾಚವ್ವೆ. ಅವನು ಗರಿಯ ಮೇಲೆ ಗೀರಿ ಬರೆಯುತ್ತಿದ್ದ, ಆಕೆ ಮಸಿ ಬಳಿಯುತ್ತಿದ್ದಳು. ಕಬ್ಬಿಣದ ಮೊನೆಯಿಂದ ಗೀರಿದ ಅಕ್ಷರ ಹಾಗೇ ಕಣ್ಣಿಗೆ ಕಾಣುವುದಿಲ್ಲ, ನಿನಗೆ ಗೊತ್ತಿರುವುದೇ. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಗರಿಯ ತುಂಬ ಸವರಿ, ಬಟ್ಟೆಯಿಂದ ಒರೆಸಬೇಕು. ಗೀರಿನೊಳಗೆ ಮಸಿ ಕೂರುತ್ತದೆ, ಅಕ್ಷರ ಏಳುತ್ತದೆ. ಬಳಿದವರ ಕೈಯಲ್ಲೂ ಅದು ಕೂರುತ್ತದೆ. ಉಗುರಿನ ಸಂದಿಯಿಂದ ತಿಂಗಳಾದರೂ ಬಿಡುವುದಿಲ್ಲ. ಮಾಚವ್ವೆಯ ಕೈ ವರ್ಷವಿಡೀ ಕಪ್ಪಾಗಿಯೇ ಇರುತ್ತಿತ್ತು.

ದೂರದ ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಈ ಕವಿಯೆಂದರೆ ಅವನಿಗೆ ಪ್ರಾಣ. ಅದೇನು ಸುಳ್ಳಲ್ಲ. ಕವಿಯ ಮೊದಲ ಕಾವ್ಯವನ್ನು ಊಟ ಬಿಟ್ಟು ಓದಿದ್ದ. ಎರಡನೆಯದನ್ನು ಓದಿ ಅತ್ತಿದ್ದ. ಮರುದಿನವೇ ಗಾಡಿಯವನ ಮೂಲಕ ಹೇಳಿ ಕಳುಹಿಸಿದ್ದ: 'ಇನ್ನೂ ಬರೆಯಿರಿ. ಬರೆದದ್ದನ್ನು ಮೊದಲು ನನಗೇ ಕಳುಹಿಸಿ.' ಆ ಮಾತು ತಲುಪಿದ ದಿನ ಕವಿಗೆ ಮನೆಯೊಳಗೆ ಕೂರಲಾಗಲಿಲ್ಲ. ಊರೆಲ್ಲ ಸುತ್ತಿ ಬಂದ. ಬರೆಯುವವನಿಗೆ ಇನ್ನೇನು ಬೇಕು ಹೇಳು?

ಮೂರನೆಯ ಕಾವ್ಯ ಬರೆಯುವಾಗ ಮಾಚವ್ವೆ ಮನೆಯಲ್ಲಿರಲಿಲ್ಲ. ಮಗಳ ಬಾಣಂತನಕ್ಕೆ ಹೋಗಿದ್ದಳು. ಕವಿ ಬರೆದು ಮುಗಿಸಿದ ದಿನವೇ ಪಟ್ಟಣದ ಗಾಡಿ ಹೊರಟಿತ್ತು. ಆತುರದ ಮನುಷ್ಯ, ಹೆಂಡತಿ ಬರುವವರೆಗೆ ತಡೆಯಲಿಲ್ಲ. ಮಸಿ ಬಳಿಯದ ಗರಿಗಳನ್ನು ಹಾಗೇ ಕಟ್ಟಿ ಗಾಡಿಯವನಿಗೆ ಕೊಟ್ಟುಬಿಟ್ಟ. ಬಿಚ್ಚಿದವನಿಗೆ ತಿಳಿಯದೆ ಇರುತ್ತದೆಯೇ, ತಾನೇ ಬಳಿದುಕೊಂಡು ಓದುತ್ತಾನೆ ಎಂದುಕೊಂಡ. ಬಿಚ್ಚದೆಯೇ ಇಟ್ಟುಕೊಳ್ಳುವವರೂ ಇರುತ್ತಾರೆ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಮಾಚವ್ವೆ ತಿರುಗಿ ಬಂದವಳೇ ಕೇಳಿದಳು. "ನಾನಿಲ್ಲದಾಗ ಏನು ಬರೆದಿರಿ? ನನಗೂ ಸ್ವಲ್ಪ ಹೇಳಿ."

"ಪಟ್ಟಣದಿಂದ ಒಂದು ಮಾತು ಬರಲಿ. ಚೆನ್ನಾಗಿದೆ ಎಂದರೆ ಆಮೇಲೆ ಹೇಳುತ್ತೇನೆ. ಈ ಸಲ ಬರೆದದ್ದನ್ನು ನಿನ್ನೆದುರು ಹೇಳಲು ನನಗೆ ನಾಚಿಕೆ" ಎಂದ ಕವಿ.

ಪಟ್ಟಣದಲ್ಲಿ ಏನಾಗಿತ್ತು ಗೊತ್ತೇ? ನಿನಗೆ ಹೊಳೆದದ್ದೇ ವರ್ತಕನಿಗೂ ಹೊಳೆದಿತ್ತು. ಓದಿದರೆ ಮುಗಿದುಹೋಗುತ್ತದೆ, ಇರಲಿ. ಒಳ್ಳೆಯ ಕಾಲ ನೋಡಿ ನಿಶ್ಚಿಂತೆಯಾಗಿ ಓದೋಣ ಎಂದು ಕಟ್ಟನ್ನು ಗೂಡಿನಲ್ಲಿಟ್ಟ. ಹಾಗೆ ಕಾಯುತ್ತಿದ್ದ ಕಟ್ಟುಗಳು ಅಲ್ಲಿ ಇನ್ನೂ ಎಷ್ಟೋ ಇದ್ದವು. ಮನೆಗೆ ಬಂದವರಿಗೆಲ್ಲ ತೋರಿಸಿದ. ದಿನಾ ಬೆಳಿಗ್ಗೆ ಗಂಧ ಹಚ್ಚಿದ, ಹೂವಿಟ್ಟ, ಕೈ ಮುಗಿದ. ಗಂಧವಂತೆ, ಹೂವಂತೆ! ಬಿಚ್ಚುವುದಕ್ಕೆ ಮಾತ್ರ ಪುರುಸೊತ್ತಿಲ್ಲ.

ಇತ್ತ ಕವಿ ಪ್ರತಿ ತಿಂಗಳೂ ಗಾಡಿ ಬರುವ ದಿನ ಊರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. "ನಮ್ಮ ವರ್ತಕರು ಏನಾದರೂ ಅಂದರೇನಪ್ಪಾ?" ಎಂದು ಕೇಳುತ್ತಿದ್ದ. ಗಾಡಿಯವನು ಇಲ್ಲವೆಂದು ತಲೆಯಾಡಿಸುತ್ತಿದ್ದ. ಹೀಗೆ ಒಂದು ವರ್ಷ ಕಳೆಯಿತು. ಆಮೇಲೆ ಕೇಳುವುದನ್ನೇ ಬಿಟ್ಟ. "ಅವರಿಗೆ ಹಿಡಿಸಿಲ್ಲ. ಮುಖದ ಮೇಲೆ ಹೇಳಬಾರದೆಂದು ಸುಮ್ಮನಿದ್ದಾರೆ. ನನ್ನ ಕೈ ಕೆಟ್ಟಿದೆ" ಎಂದು ಹೆಂಡತಿಗೆ ಹೇಳಿ, ಗರಿ ಗೀರುವ ಕಬ್ಬಿಣದ ಕಂಠವನ್ನು ಮನೆಯ ಸೂರಿಗೆ ಸಿಕ್ಕಿಸಿಬಿಟ್ಟ. ಮತ್ತೆ ಅದನ್ನು ಕೆಳಗಿಳಿಸಲಿಲ್ಲ. ಬರೆದದ್ದೇನೆಂದು ಆಕೆ ಎಷ್ಟು ಬೇಡಿಕೊಂಡರೂ ಬಾಯಿ ಬಿಡಲಿಲ್ಲ. ಮಾಚವ್ವೆಯ ಕೈ ಮೆಲ್ಲಗೆ ಬೆಳ್ಳಗಾಯಿತು. ಮೂರನೆಯ ವರ್ಷ ಕವಿ ಜ್ವರ ಬಂದು ಸತ್ತ.

ಕರ್ಮಗಳೆಲ್ಲ ಮುಗಿದ ಮೇಲೆ ಮಾಚವ್ವೆ ಅದೇ ಗಾಡಿ ಹತ್ತಿ ಪಟ್ಟಣಕ್ಕೆ ಹೋದಳು. ಆಕೆಗೆ ಬೇಕಾಗಿದ್ದದ್ದು ಒಂದೇ. ಗಂಡ ಕೊನೆಗೆ ಬರೆದದ್ದೇನು, ಅದು ಅಷ್ಟು ಕೆಟ್ಟದ್ದಾಗಿತ್ತೇ ಎಂದು ತಿಳಿಯಬೇಕು.

ಆಕೆ ಯಾರೆಂದು ತಿಳಿದೊಡನೆ ವರ್ತಕ ಓಡಿ ಬಂದು ಕಾಲಿಗೆ ಬಿದ್ದ. ಮಣೆ ಹಾಕಿ ಕೂರಿಸಿದ. ಕವಿ ಹೋದರೆಂದು ಕೇಳಿ ನಿಜವಾಗಿಯೂ ಅತ್ತ.

"ಕೊನೆಯ ಕಾವ್ಯ ಓದಿದಿರಾ, ಶೆಟ್ಟರೇ?" ಎಂದು ಆಕೆ ಕೇಳಿದಳು.

ಓದಿಲ್ಲ ಎನ್ನಬಹುದಾಗಿತ್ತು. ಆ ನಾಲಗೆಗೆ ಅಷ್ಟೂ ಧೈರ್ಯ ಇರಲಿಲ್ಲ. "ಓದದೆ ಇರುತ್ತೇನೆಯೇ ತಾಯಿ! ಅಮೃತ! ಮೂರರಲ್ಲಿ ಅದೇ ಮೇಲು" ಎಂದುಬಿಟ್ಟ.

ಮಾಚವ್ವೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಗಾದರೆ ಕೆಟ್ಟದ್ದಲ್ಲ. ನನ್ನ ಪುಣ್ಯ. ಎಲ್ಲಿ, ಒಂದು ಗರಿ ಓದಿ. ನಾನು ಅದನ್ನು ಕೇಳಿಲ್ಲ" ಎಂದಳು.

ವರ್ತಕ ಕಟ್ಟನ್ನು ತಂದ. ಅದರ ಮೇಲೆ ಅಂದು ಬೆಳಿಗ್ಗೆ ಇಟ್ಟ ಹೂವು ಇನ್ನೂ ಬಾಡಿರಲಿಲ್ಲ. ದಾರ ಬಿಚ್ಚಿದ. ಮೊದಲ ಗರಿ ತೆಗೆದ, ತಿರುಗಿಸಿದ. ಎರಡನೆಯದನ್ನು ತೆಗೆದ. ಅವನು ಅಲ್ಲಿಯವರೆಗೆ ನೋಡಿದ್ದು ಮಾಚವ್ವೆ ಮಸಿ ಬಳಿದ ಓಲೆಗಳನ್ನು ಮಾತ್ರ. ಗಾಬರಿಯಲ್ಲಿ ಬಾಯಿ ತಪ್ಪಿತು.

"ಅಯ್ಯೋ, ಇದೇನಿದು! ಇದರಲ್ಲಿ ಏನೂ ಇಲ್ಲವಲ್ಲ! ನಿಮ್ಮ ಯಜಮಾನರು ನನಗೆ ಬರಿಯ ಗರಿ ಕಳುಹಿಸಿದ್ದಾರೆ, ತಾಯಿ!"

ಕೇಳಿದೆಯಾ ಮರುಳಯ್ಯ? ಒಂದು ಗಳಿಗೆ ಮುಂಚೆ ಅಮೃತ, ಈ ಗಳಿಗೆಗೆ ಬರಿಯ ಗರಿ.

ಮಾಚವ್ವೆ ಮೊದಲ ಗರಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಹೆಬ್ಬೆರಳಿನಿಂದ ಅದರ ಮೇಲೆ ಸವರಿದಳು. ಗೀರುಗಳು ಬೆರಳಿಗೆ ಸಿಕ್ಕವು. ಆಕೆಗೆ ಎಲ್ಲವೂ ತಿಳಿಯಿತು. ಎದ್ದು ಅವನ ದೇವರ ಮನೆಗೆ ಹೋದಳು. ಯಾರನ್ನೂ ಕೇಳಲಿಲ್ಲ. ದೀಪದ ಕಂಬಕ್ಕೆ ಹಿಡಿದಿದ್ದ ಮಸಿಯನ್ನು ಕೆರೆದುಕೊಂಡಳು, ಅದೇ ದೀಪದ ಎಣ್ಣೆಯಲ್ಲಿ ಅಂಗೈಯಲ್ಲೇ ಕಲಸಿದಳು. ಗರಿಗೆ ಬಳಿದು ಸೆರಗಿನಿಂದ ಒರೆಸಿದಳು. ಅಕ್ಷರಗಳು ಎದ್ದವು.

ಕಾವ್ಯದ ಮೊದಲಿಗೆ ದೇವರ ಸ್ತುತಿ ಇರಲಿಲ್ಲ. 'ಗೀರಿದವನು ನಾನು, ಮಾಚವ್ವೆ. ಕಾಣಿಸಿದವಳು ನೀನು. ಮೊದಲ ನಮಸ್ಕಾರ ನಿನ್ನ ಕರಿಯ ಕೈಗೆ' ಎಂದಿತ್ತು.

ಆಕೆ ಅದನ್ನು ಗಟ್ಟಿಯಾಗಿ ಓದಿದಳು. ಒಂದು ಸಲ ಮಾತ್ರ ಓದಿದಳು. ಆಮೇಲೆ ವರ್ತಕನ ಕಡೆಗೆ ತಿರುಗಿದಳು.

"ಈ ಮಾತನ್ನು ನಾನು ಅವರ ಬಾಯಿಂದ ಕೇಳಬೇಕಾಗಿತ್ತು. ಒಂದು ಚಿಟಿಕೆ ಮಸಿ, ಶೆಟ್ಟರೇ! ಒಂದು ಚಿಟಿಕೆ ಮಸಿ ಬಳಿಯಲು ನಿಮಗೆ ಮೂರು ವರ್ಷ ಸಾಲಲಿಲ್ಲ. ಕೆಟ್ಟದಾಗಿ ಬರೆದೆ, ಕೆಟ್ಟದಾಗಿ ಬರೆದೆ ಎಂದುಕೊಳ್ಳುತ್ತಲೇ ಅವರು ಸತ್ತರು. ಓಲೆಗೆ ಬಳಿಯಬೇಕಾದ ಮಸಿಯನ್ನು ನೀವು ಅವರ ಮುಖಕ್ಕೆ ಬಳಿದಿರಿ!"

"ಹಾಗೆನ್ನಬೇಡಿ ತಾಯಿ. ಪ್ರೀತಿಯಿಂದಲೇ ಎತ್ತಿಟ್ಟಿದ್ದೆ" ಎಂದ ವರ್ತಕ.

"ಪ್ರೀತಿಯಂತೆ ಪ್ರೀತಿ! ಬೈದಿದ್ದರೂ ಅವರು ಬದುಕಿಕೊಳ್ಳುತ್ತಿದ್ದರು. ಚೆನ್ನಾಗಿಲ್ಲ ಎಂದಿದ್ದರೆ ಇನ್ನೊಂದು ಬರೆಯುತ್ತಿದ್ದರು. ನಿಮ್ಮ ಗಂಧ ಹೂವು ಅವರಿಗೆ ಯಾಕೆ ಬೇಕಾಗಿತ್ತು?"

ಆಕೆ ಗರಿಗಳನ್ನೆಲ್ಲ ಕಟ್ಟಿಕೊಂಡು ಎದ್ದಳು. ವರ್ತಕ ಬಾಗಿಲಿಗೆ ಅಡ್ಡ ನಿಂತ. ಅತ್ತುಕೊಂಡೇ ನಿಂತ. "ಅದೊಂದನ್ನು ಬಿಟ್ಟು ಹೋಗಿ. ಅದು ಅವರು ನನಗೆ ಕೊಟ್ಟದ್ದು, ನನ್ನದು" ಎಂದ.

"ನಿಮ್ಮದೇ? ಎಲ್ಲಿ, ಕೈ ತೋರಿಸಿ" ಎಂದಳು ಮಾಚವ್ವೆ.

ಅವನು ಎರಡು ಕೈಗಳನ್ನೂ ಚಾಚಿದ. ಗಂಧದ ವಾಸನೆ ಬಂತು. ಆಕೆ ತನ್ನ ಕೈಗಳನ್ನು ಅವುಗಳ ಪಕ್ಕದಲ್ಲಿ ಹಿಡಿದಳು. ಮಣಿಕಟ್ಟಿನವರೆಗೂ ಕಪ್ಪಾಗಿದ್ದವು. ವರ್ತಕ ದಾರಿ ಬಿಟ್ಟ. ಅವಳು ಹೋದ ಮೇಲೆ ಅವನು ಆ ಗೂಡಿನ ಮುಂದೆ ಕೂತಿದ್ದನಂತೆ, ಉಳಿದ ಕಟ್ಟುಗಳಲ್ಲಿ ಯಾವುದನ್ನು ಮುಟ್ಟಲೂ ಧೈರ್ಯ ಸಾಲದೆ.

ಗುರುಗಳು ಕತೆ ನಿಲ್ಲಿಸಿದರು. ಅವರ ಉಸಿರು ಇನ್ನೂ ಬಿಸಿಯಾಗಿತ್ತು. ಕೆಳಗಿಟ್ಟಿದ್ದ ಗರಿಯನ್ನು ಎತ್ತಿಕೊಂಡು ಮತ್ತೆ ಒರೆಸತೊಡಗಿದರು.

"ಆ ವರ್ತಕನಿಗೆ ಬುದ್ಧಿಯಿರಲಿಲ್ಲ, ಗುರುಗಳೇ" ಎಂದ ಮರುಳಯ್ಯ.

"ಹೋದ ಹುಣ್ಣಿಮೆಗೆ ನಾನು ನಿನಗೆ ಕೊಟ್ಟ ಕಟ್ಟಿಗೂ ಮಸಿ ಬಳಿದಿರಲಿಲ್ಲ. ಎಲ್ಲಿ, ಕೈ ತೋರಿಸು" ಎಂದರು ಗುರುಗಳು.

ಮರುಳಯ್ಯ ಕೈಗಳನ್ನು ಮಡಿಲಿನಿಂದ ಮೇಲೆತ್ತಲಿಲ್ಲ.